ಪಿಎಚ್‌ಡಿ ವಿದ್ಯಾರ್ಥಿಗೆ ಎಷ್ಟು ನೆರಳು ಕೊಡಬೇಕು?

ಬದಿಯಡ್ಕದ ಟೀಚರ್:
ನಾನು ಸಸ್ಯಶಾಸ್ತ್ರ ಪಾಠ ಮಾಡುವವಳು. ಈ ವರ್ಷ ಮೊದಲ ಸಲ ಗೈಡ್ ಆಗಿದ್ದೇನೆ. ನನ್ನ ಕೈಕೆಳಗೆ ಪಿಎಚ್‌ಡಿ ಮಾಡುವ ಹುಡುಗಿ ಕನ್ನಡ ಮಾಧ್ಯಮದಲ್ಲಿ ಓದಿದವಳು, ಕೆಲಸದಲ್ಲಿ ಬಹಳ ಚುರುಕು. ಆದರೆ ಸೆಮಿನಾರ್‌ನಲ್ಲಿ ಇಂಗ್ಲಿಷಿನಲ್ಲಿ ಎದುರುಪ್ರಶ್ನೆ ಬಂದರೆ ಮಾತೇ ನಿಲ್ಲುತ್ತದೆ. "ಬಿಟ್ಟುಬಿಡಿ, ತಾನಾಗಿ ಕಲೀತಾಳೆ" ಅಂತಾರೆ ಹಿರಿಯರು. ನನಗೆ ಅದು ಸರಿ ಅನಿಸುವುದಿಲ್ಲ. ಹಾಗಂತ ಪೂರ್ತಿ ನೆರಳಲ್ಲಿಟ್ಟರೆ ಗಿಡ ಬಡಕಲಾಗುತ್ತದೆ, ಅಲ್ವಾ? ಎಷ್ಟು ನೆರಳು, ಎಲ್ಲಿಯವರೆಗೆ?

ಪೆರಿಯದಿಂದ ಒಬ್ಬರು:
ಬಡಕಲಾಗುವುದು ನಿಜ. ಮೇಲಿನ ಎಲೆಗಳು ಕೆಂಪು ಬೆಳಕನ್ನು ಹೀರುತ್ತವೆ, ಕೆಳಗಿಳಿಯುವುದರಲ್ಲಿ ದೂರಕೆಂಪು (ಕೆಂಪಿನ ಆಚೆಯ, ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕು) ಜಾಸ್ತಿ. ಗಿಡದೊಳಗೆ ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ಪ್ರೋಟೀನ್‌ಗೆ ಅದು ಗೊತ್ತಾಗುತ್ತದೆ. ಆಗ ಗಿಡ ಬೇರನ್ನು ಮರೆತು ಕಾಂಡ ಉದ್ದ ಮಾಡುತ್ತದೆ. ದೊಡ್ಡ ಹೆಸರಿನ ಗೈಡ್‌ಗಳ ಕೆಳಗೆ ಇಂಥ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಪೇಪರ್ ರಾಶಿ ಇರುತ್ತದೆ, ತಮ್ಮದೇ ಅನ್ನುವ ಒಂದು ಪ್ರಶ್ನೆ ಇರುವುದಿಲ್ಲ.

ಪೆರ್ಲದ ಅಡಿಕೆ ಕೃಷಿಕ:
ಟೀಚರೇ, ಅಡಿಕೆ ಸಸಿಗೆ ನಾವು ಬಾಳೆಯ ನೆರಳು ಕೊಡುತ್ತೇವೆ. ಆ ಬಾಳೆಯನ್ನು ಒಂದೇ ಸಲಕ್ಕೆ ಕಡಿದು ನೋಡಿ. ಕಾಂಡದ ನೈಋತ್ಯ ಬದಿ ಮಧ್ಯಾಹ್ನದ ಬಿಸಿಲಿಗೆ ಹಳದಿಯಾಗುತ್ತದೆ, ಆಮೇಲೆ ಕಂದು, ಕೊನೆಗೆ ಸೀಳು ಬಿಡುತ್ತದೆ. ಮಾವು, ಹಲಸಿನ ಗಾಯ ತುಂಬಿಕೊಳ್ಳುತ್ತದೆ. ಅಡಿಕೆಯಲ್ಲಿ ಕ್ಯಾಂಬಿಯಂ (ಕಾಂಡ ದಪ್ಪ ಮಾಡುವ, ಗಾಯ ತುಂಬುವ ಪದರ) ಇಲ್ಲ, ಸೀಳಿದ್ದು ಸೀಳಿದ ಹಾಗೇ. ಮುಂದೆ ಜೋರು ಗಾಳಿ ಬಂದರೆ ಅಲ್ಲೇ ಮುರಿಯುತ್ತದೆ. ತುಂಬಿದ ಸಭೆಯಲ್ಲಿ ಅವಮಾನ ಆದ ಹುಡುಗರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಅದಕ್ಕೇ ಆ ಒಂದು ಬದಿಗೆ ಸೋಗೆ ಕಟ್ಟುತ್ತೇವೆ. ಉಳಿದ ಬದಿ ಬಯಲೇ. ನಿಮ್ಮ ಹುಡುಗಿಗೆ ಬಿಸಿಲು ಇಂಗ್ಲಿಷಿನ ಕಡೆಯಿಂದ. ಸೆಮಿನಾರ್‌ಗೆ ಮುಂಚೆ ನೀವೇ ಕಷ್ಟದ ಪ್ರಶ್ನೆ ಕೇಳಿ. ಮೊದಲು ಕನ್ನಡದಲ್ಲಿ ಉತ್ತರ ಹೇಳಲಿ, ಆಮೇಲೆ ಇಂಗ್ಲಿಷಿನಲ್ಲಿ. ಪ್ರಯೋಗದ ವಿಷಯದಲ್ಲಿ ಮಾತ್ರ ದಯವಿಟ್ಟು ಕೈ ಹಾಕಬೇಡಿ, ಅಲ್ಲಿ ಅವಳು ಗಟ್ಟಿ ಇದ್ದಾಳೆ.

ಬದಿಯಡ್ಕದ ಟೀಚರ್:
ತುಂಬಾ ಉಪಕಾರ ಅಣ್ಣ. ಮುಂದಿನ ಪ್ರಯೋಗದ ಪ್ಲಾನ್ ಅವಳೇ ಬರೆದು ತರಲಿ. ಬಾಳೆ ತೆಗೆಯುವುದು ಯಾವಾಗ?

ಪೆರ್ಲದ ಅಡಿಕೆ ಕೃಷಿಕ:
ಸಿಪಿಸಿಆರ್‌ಐ (ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ 2.7 ಮೀಟರ್ ಅಂತರದಲ್ಲಿ ನೆಟ್ಟರೆ, ಬೆಳೆದ ಮೇಲೆ ಸೋಗೆಗೆ ಸೋಗೆ ತಾಗುತ್ತದೆ. ಒಂದರ ನೆರಳು ಇನ್ನೊಂದರ ಕಾಂಡಕ್ಕೆ. ಆಗ ಬಾಳೆ ಬೇಡ. ಲ್ಯಾಬಿನಲ್ಲಿ ಬೇರೆ ಮಕ್ಕಳಿದ್ದಾರಾ?

ಬದಿಯಡ್ಕದ ಟೀಚರ್:
ಇಲ್ಲ, ಅವಳೊಬ್ಬಳೇ. ಪ್ರಾಣಿಶಾಸ್ತ್ರದಲ್ಲಿ ಇಬ್ಬರಿದ್ದಾರೆ, ಅವರೂ ಕನ್ನಡ ಮಾಧ್ಯಮದವರೇ. ವಾರಕ್ಕೊಮ್ಮೆ ಮೂವರನ್ನೂ ಒಟ್ಟಿಗೆ ಕೂರಿಸಬಹುದು. ಸೋಮವಾರವೇ ಅವರ ಗೈಡ್ ಹತ್ತಿರ ಮಾತಾಡುತ್ತೇನೆ.