ಮೀನಿನ ಜೀನೋಮ್ ಪೋಸ್ಟ್‌ಡಾಕ್‌ಗಾಗಿ ಮಗಳನ್ನು ಕರೆದುಕೊಂಡು ಇನ್ನೊಂದು ದೇಶಕ್ಕೆ ಹೋಗಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದೇನೆ. ಆಫ್ರಿಕಾದ ವಿಕ್ಟೋರಿಯಾ ಸರೋವರದ ಸಿಕ್ಲಿಡ್ ಅನ್ನುವ ಮೀನುಗಳ ಜೀನೋಮ್, ಅಂದರೆ ಅವುಗಳ ಇಡೀ ಡಿಎನ್‌ಎ, ನನ್ನ ವಿಷಯ. ಸುಮಾರು 15,000 ವರ್ಷಗಳಲ್ಲಿ 500 ಜಾತಿ ಹುಟ್ಟಿಕೊಂಡ ಸರೋವರ ಅದು. ಈಗ ನಾರ್ವೆಯ ಒಂದು ಲ್ಯಾಬ್‌ನಿಂದ ಸಾಲ್ಮನ್ ಮೀನಿನ ಜೀನೋಮ್ ಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಆಫರ್ ಬಂದಿದೆ. ಇಲ್ಲಿ ನನ್ನ ಗೈಡ್ ಉಳಿದುಕೋ ಅನ್ನುತ್ತಿದ್ದಾರೆ, ಆದರೆ ಸಂಬಳಕ್ಕೆ ಫೆಲೋಶಿಪ್ ನಾನೇ ತರಬೇಕು. ಮಗಳಿಗೆ ಏಳು ವರ್ಷ. ಈಗಷ್ಟೇ ಜರ್ಮನ್ ಸರಾಗವಾಗಿದೆ, ಗೆಳತಿಯರಾಗಿದ್ದಾರೆ. ಯಜಮಾನರ ಕೆಲಸವೂ ಇಲ್ಲೇ. ಇಲ್ಲೇ ಇದ್ದುಕೊಂಡು ಯುರೋಪಿಯನ್ ಯೂನಿಯನ್ ಕೊಡುವ ಮೇರಿ ಕ್ಯೂರಿ ಫೆಲೋಶಿಪ್‌ಗೆ ಹಾಕಬಹುದಾ? ಈ ವಯಸ್ಸಿನ ಮಗುವನ್ನು ಕರೆದುಕೊಂಡು ದೇಶ ಬದಲಿಸಿದವರು ಇದ್ದೀರಾ?

ಮ್ಯೂನಿಕ್‌ನಿಂದ

ಅಭಿನಂದನೆ! ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ಧೈರ್ಯವಾಗಿ ಹೋಗಿ.

ಬಾಸೆಲ್‌ನಿಂದ, ಜೀವವಿಜ್ಞಾನ ಸಂಶೋಧಕಿ

ಮೇರಿ ಕ್ಯೂರಿ ಆಗಲ್ಲ. ಹೋಗಿ ಕೆಲಸ ಮಾಡುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಹಾಗಾಗಿ ನಿಮಗೆ ಜರ್ಮನಿ ಮುಚ್ಚಿದ ಬಾಗಿಲು, ನಾರ್ವೆ ತೆರೆದಿದೆ. ಕಡೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ, ಅಷ್ಟರೊಳಗೆ ಪಿಎಚ್‌ಡಿ ಕೈಯಲ್ಲಿರಬೇಕು. ಯುರೋಪಿನ ಜೀವವಿಜ್ಞಾನ ಸಂಸ್ಥೆ ಎಂಬೋ (EMBO) ಕೊಡುವ ಫೆಲೋಶಿಪ್ ಕೂಡ ದೇಶ ಬದಲಿಸಲೇಬೇಕು ಅನ್ನುತ್ತದೆ. ಜರ್ಮನಿಯಲ್ಲೇ ಉಳಿಯುವುದಾದರೆ ಅಲ್ಲಿನ ಸಂಶೋಧನೆಗೆ ಹಣ ಕೊಡುವ ಸಂಸ್ಥೆ ಡಿಎಫ್‌ಜಿಯ (DFG) ವಾಲ್ಟರ್ ಬೆಂಜಮಿನ್ ಯೋಜನೆ ನೋಡಿ. ಎರಡು ವರ್ಷದವರೆಗೆ ಹಣ ಸಿಗುತ್ತದೆ, ವರ್ಷದಲ್ಲಿ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು.

ಇನ್ನೊಂದು ಮಾತು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ನಂತರ ತಾತ್ಕಾಲಿಕ ಕಾಂಟ್ರಾಕ್ಟ್‌ಗೆ ಆರು ವರ್ಷದ ಮಿತಿ ಇದೆ. ಮಗು ಇದ್ದರೆ ಒಂದೊಂದು ಮಗುವಿಗೆ ಎರಡು ವರ್ಷ ವಿಸ್ತರಿಸಲು ಅವಕಾಶವಿದೆ. ಯಾರೂ ತಾವಾಗಿ ಹೇಳಲ್ಲ, ನೀವೇ ಕೇಳಬೇಕು.

ನ್ಯೂಜೆರ್ಸಿಯಿಂದ, ಹಿರಿಯ ಸದಸ್ಯರು

ತಂಗಿ, ನೇರವಾಗಿ ಹೇಳುತ್ತೇನೆ. ಪೋಸ್ಟ್‌ಡಾಕ್ ಬೇಡವೇ ಬೇಡ. ನಮ್ಮ ಅಣ್ಣನ ಮಗ ಒಂದಾದ ಮೇಲೊಂದು ಪೋಸ್ಟ್‌ಡಾಕ್ ಮಾಡುತ್ತಾ ಊರೂರು ಅಲೆದ. ಪ್ರತಿ ಸಲ ಮಕ್ಕಳಿಗೆ ಹೊಸ ಶಾಲೆ, ಹೊಸ ಮನೆ. ಡೇಟಾ ಅನಾಲಿಸಿಸ್ ಬರುತ್ತದಲ್ವಾ? ಕಂಪನಿ ಸೇರಿಕೊ. ಮೀನಿನ ಜೀನೋಮ್ ಕಟ್ಟಿಕೊಂಡು ಏನು ಮಾಡುತ್ತೀಯ? ಮಗುವಿಗೆ ಒಂದು ಕಡೆ ಬೇರು ಬಿಡಲಿ.

ಲಂಡನ್‌ನಿಂದ

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಸ್ಥಿರತೆ ಮುಖ್ಯ.

ಟೊರಾಂಟೊದಿಂದ

ನನಗೆ ಹಾಗೆ ಅನ್ನಿಸುವುದಿಲ್ಲ ಸರ್. ಮಗ ಚಿಕ್ಕವನು ಅಂತ ನಾನು ಲ್ಯಾಬ್ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ, ಬಿಡಬೇಡ ಅಂತಲೂ ಅನ್ನಲಿಲ್ಲ. ಈಗ ಅವನು ಕಾಲೇಜಿಗೆ ಹೋಗುತ್ತಾನೆ, ನಾನು ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದೇನೆ. ಕೆಲಸ ಚೆನ್ನಾಗಿದೆ. ಆದರೂ ಯಾರಾದರೂ ಜೀನ್ ಬಗ್ಗೆ ಮಾತಾಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಸ್ಟಾಕ್‌ಹೋಮ್‌ನಿಂದ

ನಮ್ಮ ಮಗಳು ಮೂರು ದೇಶದಲ್ಲಿ ಓದಿದ್ದಾಳೆ. ಸ್ವೀಡಿಷ್, ಇಂಗ್ಲಿಷ್, ಕನ್ನಡ ಮೂರೂ ನೀರು ಕುಡಿದ ಹಾಗೆ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಗೆ ನಾವು ಉತ್ತರವನ್ನೇ ಕೊಡಲ್ಲ. ಅದೊಂದೇ ನಿಯಮ ಸಾಕು.

ನ್ಯೂಜೆರ್ಸಿಯಿಂದ, ಹಿರಿಯ ಸದಸ್ಯರು

ಭಾಷೆ ಬೇರೆ ವಿಷಯ. ನಾನು ಕೇಳುತ್ತಿರುವುದು ಅನ್ನದ ಪ್ರಶ್ನೆ. ಎರಡು ವರ್ಷ ಆದ ಮೇಲೆ ಏನು?

ಲಂಡನ್‌ನಿಂದ

ಅದೇ ನನ್ನ ಪ್ರಶ್ನೆಯೂ. ಕಂಪನಿಯೇ ಸರಿ.

ಪ್ರಶ್ನೆ ಕೇಳಿದವರು

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಮೀನಿನಿಂದ ಏನು ಅಂತ ಕೇಳಿದಿರಿ. ಸಾಲ್ಮನ್‌ಗಳ ಪೂರ್ವಜರಲ್ಲಿ ಇಡೀ ಜೀನೋಮ್ ಒಮ್ಮೆ ಎರಡಾಗಿದೆ, ಎಂಟು ಕೋಟಿ ವರ್ಷಕ್ಕಿಂತ ಹಿಂದೆ ಇರಬಹುದು. ಆದ್ದರಿಂದ ಎಷ್ಟೋ ಜೀನ್‌ಗೆ ಎರಡೆರಡು ಪ್ರತಿ, ಹೆಚ್ಚುಕಡಿಮೆ ಒಂದೇ ಥರ. ಡಿಎನ್‌ಎ ಚೂರುಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸುವಾಗ ಒಂದರ ಚೂರು ಇನ್ನೊಂದರ ಜಾಗದಲ್ಲಿ ಕೂತುಬಿಡುತ್ತದೆ. ಅದನ್ನು ಬಿಡಿಸುವುದೇ ಅಲ್ಲಿ ನನ್ನ ಕೆಲಸ. ಒಂದು ಪ್ರತಿ ಹಳೆಯ ಕೆಲಸ ಮಾಡಿಕೊಂಡಿರುವಾಗ ಇನ್ನೊಂದು ಹೊಸದು ಕಲಿಯುತ್ತದಾ, ಅಥವಾ ಸುಮ್ನೆ ಕೆಟ್ಟುಹೋಗುತ್ತದಾ? ಇದನ್ನು ನೋಡುವ ಆಸೆ ನನಗೆ ತುಂಬಾ ಇದೆ.

ಬಾಸೆಲ್ ಅಕ್ಕ, ನನ್ನ ಡಿಫೆನ್ಸ್ (ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ) ಅಕ್ಟೋಬರ್‌ನಲ್ಲಿ. ಹಾಗಾದರೆ ಈ ವರ್ಷದ ಮೇರಿ ಕ್ಯೂರಿ ಕೈತಪ್ಪಿತು ಅಲ್ವಾ?

ಬಾಸೆಲ್‌ನಿಂದ, ಜೀವವಿಜ್ಞಾನ ಸಂಶೋಧಕಿ

ಹೌದು, ತಪ್ಪಿತು. ಆದರೆ ನಾರ್ವೆಯದು ಅವರದೇ ಹಣ, ಅದಕ್ಕೆ ಫೆಲೋಶಿಪ್ ಬೇಕಿಲ್ಲ. ಅವರಿಗೆ ಇವತ್ತೇ ಮೇಲ್ ಹಾಕಿ. ಕೆಲಸದಲ್ಲಿ ಮೀನಿನ ತೊಟ್ಟಿ ಎಷ್ಟು, ಡೇಟಾ ಎಷ್ಟು ಅಂತ ಕೇಳಿ. ಪೂರ್ತಿ ಸರ್ವರ್ ಮೇಲಿನ ಕೆಲಸವಾದರೆ ಮಗಳ ಶಾಲೆಯ ವರ್ಷ ಮುಗಿಯುವವರೆಗೆ ಸ್ವಲ್ಪ ದಿನ ದೂರದಿಂದಲೇ ಮಾಡಲು ಒಪ್ಪುತ್ತಾರಾ, ಸೇರುವ ತಾರೀಖು ಮುಂದೆ ಹಾಕುತ್ತಾರಾ ಕೇಳಿ. ತೆರಿಗೆ, ವಿಮೆ ಯಾವ ದೇಶದ್ದು ಅಂತಲೂ ಬರೆಸಿಕೊಳ್ಳಿ.

ನ್ಯೂಜೆರ್ಸಿಯಿಂದ, ಹಿರಿಯ ಸದಸ್ಯರು

ಕೇಳು ತಂಗಿ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕಂಪನಿಗಳಿಗೂ ಅರ್ಜಿ ಹಾಕಿರು. ರೆಸ್ಯೂಮೆ ಕಳಿಸು, ನಾನು ನೋಡಿಕೊಡುತ್ತೇನೆ.