ಹಳೇ ಲಿಫ್ಟ್ ಪದೇ ಪದೇ ನಿಲ್ಲುತ್ತಿದೆ, ಹೊಸದಕ್ಕೆ ಯಾವುದನ್ನು ಆರಿಸೋಣ?

ಕಟ್ಟಡ_ಉಸ್ತುವಾರಿ:
ನಮಸ್ಕಾರ. ನಾನು ನೋಡಿಕೊಳ್ಳುವ ಆಫೀಸ್ ಕಟ್ಟಡದಲ್ಲಿ ಗ್ರೌಂಡ್ ಫ್ಲೋರ್ ಮೇಲೆ ನಾಲ್ಕು ಮಹಡಿ ಇವೆ. ಸುಮಾರು 100 ಜನ ಕೆಲಸ ಮಾಡುತ್ತಾರೆ. ಇರುವುದು ಒಂದೇ ಲಿಫ್ಟ್. ಗೇರ್ ಇರುವ ಹಳೇ ಮೋಟರ್, ಟೆರೇಸಿನಲ್ಲಿ ಮೆಷಿನ್ ರೂಮ್. ಈಗೀಗ ತುಂಬಾ ಕೈಕೊಡುತ್ತಿದೆ. ಸರ್ವೀಸಿನವರು ಬಂದು ರೀಸೆಟ್ ಮಾಡಿ ಹೋಗುತ್ತಾರೆ, ಮತ್ತೆ ಅದೇ ಕಥೆ.

ಮಾಲೀಕರು ಹೊಸದು ಹಾಕಿಸೋಣ ಅಂದಿದ್ದಾರೆ. ಮೂರು ಕೊಟೇಶನ್ ಬಂದಿವೆ: ಒಂದು ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಏರುವುದು), ಒಂದು ಮೆಷಿನ್ ರೂಮ್ ಬೇಡದ ಗೇರ್‌ಲೆಸ್, ಇನ್ನೊಂದು ಈಗಿರುವ ಮೆಷಿನ್ ರೂಮಿನಲ್ಲೇ ಕೂರಿಸುವ ಗೇರ್‌ಲೆಸ್. ಒಬ್ಬರು ಸೆಕೆಂಡಿಗೆ 1.5 ಮೀಟರ್ ವೇಗ ಕೊಡುತ್ತೇವೆ ಎನ್ನುತ್ತಾರೆ, ಉಳಿದವರದ್ದು 1 ಮೀಟರ್. ಸಿಬ್ಬಂದಿಯಲ್ಲಿ ಒಬ್ಬರು ವೀಲ್‌ಚೇರ್ ಬಳಸುತ್ತಾರೆ, ಲಿಫ್ಟ್ ನಿಂತ ದಿನ ಅವರ ಕೆಲಸವೇ ನಿಂತುಹೋಗುತ್ತದೆ. ಯಾವುದು ಕಡಿಮೆ ಕೆಡುತ್ತದೆ?

ಹಳೇ_ಮೆಕ್ಯಾನಿಕ್:
ಸರ್, ಹೊಸದರ ಮಾತು ಆಮೇಲೆ. ಈಗಿನದು ಎಲ್ಲಿ ನಿಲ್ಲುತ್ತದೆ ಹೇಳಿ. ಎರಡು ಮಹಡಿ ನಡುವೆಯಾ, ಇಲ್ಲ ಬಾಗಿಲು ಮುಚ್ಚುವಾಗಲಾ? ಯಾವ ಮಹಡಿಯಲ್ಲಿ ಜಾಸ್ತಿ? ಮಳೆಗಾಲದಲ್ಲಿ ಹೆಚ್ಚಾ? ಪಿಟ್ಟಿನಲ್ಲಿ, ಅಂದರೆ ಲಿಫ್ಟಿನ ತಳದ ಗುಂಡಿಯಲ್ಲಿ, ನೀರಿದೆಯಾ ನೋಡಿಸಿ. ಆದರೆ ನೀವೇ ಇಳಿಯಬೇಡಿ, ಮೇನ್ ಸ್ವಿಚ್ ಆಫ್ ಮಾಡಿ ಸರ್ವೀಸಿನವರೇ ಇಳಿಯಲಿ.

ಯಾಕೆ ಕೇಳುತ್ತಿದ್ದೇನೆ ಅಂದರೆ, ತೊಂದರೆ ಕಟ್ಟಡದ್ದೇ ಆಗಿದ್ದರೆ ಹೊಸ ಲಿಫ್ಟಿಗೂ ಅದೇ ಕಾಯಿಲೆ ಬರುತ್ತದೆ.

ಕಟ್ಟಡ_ಉಸ್ತುವಾರಿ:
ಸೆಕ್ಯೂರಿಟಿಯವರ ರಿಜಿಸ್ಟರ್ ನೋಡಿದೆ. ಹೆಚ್ಚಿನವು ಗ್ರೌಂಡ್ ಫ್ಲೋರಿನಲ್ಲೇ. ಬಾಗಿಲು ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ, ಆಮೇಲೆ ಸುಮ್ನೆ ನಿಂತುಬಿಡುತ್ತದೆ. ಮಳೆ ಬಂದ ಮಾರನೇ ದಿನ ಇನ್ನೂ ಜಾಸ್ತಿ. ಪಿಟ್ಟಿನಲ್ಲಿ ನೀರು ನಿಂತ ಗುರುತಿದೆ ಅಂತ ಸರ್ವೀಸಿನವರು ಹೇಳಿದರು.

ಹಳೇ_ಮೆಕ್ಯಾನಿಕ್:
ಹಾಗಾದರೆ ನಿಮ್ಮ ಮೋಟರಿನ ಮೇಲೆ ನನಗೆ ಅಷ್ಟು ಅನುಮಾನ ಇಲ್ಲ.

ಲಿಫ್ಟಿನ ಎಲ್ಲ ಸುರಕ್ಷತಾ ಸ್ವಿಚ್‌ಗಳೂ ಒಂದೇ ಸಾಲಿನಲ್ಲಿ ಜೋಡಿಸಿರುತ್ತವೆ. ಪ್ರತಿ ಮಹಡಿಯ ಬಾಗಿಲ ಬೀಗದ ಕಾಂಟ್ಯಾಕ್ಟ್ ಕೂಡ ಅದರಲ್ಲೇ ಇದೆ. ಒಂದು ಬಿಟ್ಟುಕೊಂಡರೂ ಲಿಫ್ಟ್ ಹೊರಡುವುದಿಲ್ಲ, ಹೊರಡಲೂಬಾರದು. ಗ್ರೌಂಡ್ ಫ್ಲೋರಿನಲ್ಲಿ ಚಪ್ಪಲಿಯ ಮಣ್ಣು, ಮರಳು ಎಲ್ಲ ಬಾಗಿಲು ಸರಿಯುವ ಹೊಸ್ತಿಲ ಸಂದಿಗೆ ಬೀಳುತ್ತದೆ. ಬಾಗಿಲು ಕೊನೆಯ ಕೆಲವು ಮಿಲಿಮೀಟರ್ ಮುಚ್ಚದೆ ಉಳಿಯುತ್ತದೆ. ಕಾಂಟ್ಯಾಕ್ಟ್ ಕೂಡುವುದಿಲ್ಲ. ರೀಸೆಟ್ ಮಾಡಿದಾಗ ಬಾಗಿಲು ಇನ್ನೊಮ್ಮೆ ಜೋರಾಗಿ ಮುಚ್ಚಿ ಕೂಡಿಕೊಳ್ಳುತ್ತದೆ, ಎಲ್ಲರೂ ಸರಿಯಾಯಿತು ಅಂದುಕೊಳ್ಳುತ್ತಾರೆ. ನಾನು ಹೋದ ಕಂಪ್ಲೇಂಟ್‌ಗಳಲ್ಲಿ ಬಾಗಿಲಿನವೇ ಹೆಚ್ಚು.

ಪಿಟ್ಟಿನ ನೀರು ಇನ್ನೊಂದು ಕಡೆಯಿಂದ ಕೆಡಿಸುತ್ತದೆ. ಗವರ್ನರ್ (ವೇಗ ಮಿತಿ ಮೀರಿದರೆ ಹಿಡಿಯುವ ಸಾಧನ) ರೋಪಿನ ತೂಕದ ಸ್ವಿಚ್, ಬಫರ್ (ಲಿಫ್ಟ್ ತಳಕ್ಕೆ ಬಡಿದರೆ ಪೆಟ್ಟು ತಡೆಯುವುದು), ಪಿಟ್ಟಿನ ಸ್ಟಾಪ್ ಸ್ವಿಚ್ ಎಲ್ಲ ಕೆಳಗೇ ಇರುತ್ತವೆ. ತೇವಕ್ಕೆ ತುಕ್ಕು ಹಿಡಿಯುತ್ತದೆ. ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ. ಬಾಗಿಲ ಮುಂದೆ ಒಳ್ಳೆಯ ಕಾಲೊರಸು ಹಾಕಿ, ಹೊಸ್ತಿಲ ಸಂದಿಯನ್ನು ದಿನಾ ಬ್ರಶ್‌ನಿಂದ ಸ್ವಚ್ಛ ಮಾಡಿಸಿ. ಬಾಗಿಲಿನ ಶೂ (ಹೊಸ್ತಿಲ ಸಂದಿಯಲ್ಲಿ ಜಾರುವ ತುಂಡು), ರೋಲರ್, ಕಾಂಟ್ಯಾಕ್ಟ್ ಬದಲಾಯಿಸಲು ಹೇಳಿ. ಒಂದು ತಿಂಗಳು ನೋಡಿ ಆಮೇಲೆ ಕೊಟೇಶನ್ ಕೈಗೆತ್ತಿಕೊಳ್ಳಿ.

ಇನ್ನು ನಿಮ್ಮ ಮೂರು ಆಯ್ಕೆ. ಹೈಡ್ರಾಲಿಕ್ ಕೆಟ್ಟದ್ದಲ್ಲ. ಎರಡು ಮೂರು ಮಹಡಿ, ಭಾರದ ಸಾಮಾನು, ಓಡಾಟ ಕಡಿಮೆ ಇದ್ದರೆ ಚೆನ್ನಾಗಿ ಬಾಳುತ್ತದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಕೌಂಟರ್‌ವೇಟ್ (ಎದುರು ತೂಗುವ ಭಾರ) ಇರುವುದಿಲ್ಲ. ಮೇಲೆ ಹೋಗುವಾಗಲೆಲ್ಲ ಪಂಪು ಇಡೀ ಕಾರನ್ನು, ಅಂದರೆ ಜನ ನಿಲ್ಲುವ ಪೆಟ್ಟಿಗೆಯನ್ನು, ಎತ್ತಬೇಕು. ಬೆಳಿಗ್ಗೆ ಎಡೆಬಿಡದೆ ಓಡಿದರೆ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ಮಹಡಿಗೆ ಸಮನಾಗಿ ನಿಲ್ಲುವುದು ತಪ್ಪುತ್ತದೆ. ವೀಲ್‌ಚೇರಿಗೆ ಒಂದಿಂಚು ಮೆಟ್ಟಿಲೂ ದೊಡ್ಡದೇ ಅಲ್ವಾ? ನಿಮ್ಮ ಕಟ್ಟಡಕ್ಕೆ ನಾನು ಹೈಡ್ರಾಲಿಕ್ ಹೇಳುವುದಿಲ್ಲ.

ಗೇರ್‌ಲೆಸ್ಸಿನಲ್ಲಿ ಕೌಂಟರ್‌ವೇಟು ಖಾಲಿ ಕಾರಿನ ತೂಕದ ಜೊತೆಗೆ ಪೂರ್ತಿ ಲೋಡಿನ ಅರ್ಧದಷ್ಟನ್ನು ಹೆಚ್ಚುಕಡಿಮೆ ಸರಿದೂಗಿಸುತ್ತದೆ. ಮೋಟರಿಗೆ ಉಳಿಯುವುದು ವ್ಯತ್ಯಾಸದ ಭಾರ ಮಾತ್ರ. ಗೇರಿಲ್ಲ, ಗೇರ್ ಎಣ್ಣೆಯೂ ಇಲ್ಲ.

ಮೆಷಿನ್ ರೂಮ್ ಬೇಡದ ಲಿಫ್ಟ್ ಹೊಸ ಪ್ರಯೋಗವೇನಲ್ಲ. ಕೋನೆ ಕಂಪನಿ 1996ರಲ್ಲೇ ತಂದಿತು, ಈಗ ಎಲ್ಲ ಕಡೆ ಇದೆ. ಜಾಗ ಇಲ್ಲದ ಕಟ್ಟಡಕ್ಕೆ ಅದು ದೊಡ್ಡ ಉಪಕಾರ. ಆದರೆ ನಿಮಗೆ ರೂಮ್ ಈಗಾಗಲೇ ಇದೆ. ಮೆಕ್ಯಾನಿಕ್ ನೆಟ್ಟಗೆ ನಿಂತು, ಬೆಳಕಿನಲ್ಲಿ, ಬ್ರೇಕ್ ಕಣ್ಣಾರೆ ನೋಡಿ ಕೆಲಸ ಮಾಡುವ ಜಾಗ ಅದು. ಶಾಫ್ಟಿನ (ಲಿಫ್ಟ್ ಓಡಾಡುವ ಬಾವಿಯಂಥ ಜಾಗದ) ತುದಿಯಲ್ಲಿ ಕಾರಿನ ಮೇಲೆ ನಿಂತು ಅದೇ ಕೆಲಸ ಮಾಡುವುದು ಕಷ್ಟ. ಕಷ್ಟದ ಕೆಲಸ ಮುಂದಕ್ಕೆ ಹೋಗುತ್ತದೆ, ಇದು ಮನುಷ್ಯ ಸ್ವಭಾವ. ಮೂರನೇ ಕೊಟೇಶನ್ ನನ್ನ ಆಯ್ಕೆ.

ಲೆಕ್ಕದ_ಎಂಜಿನಿಯರ್:
ವೇಗದ ಬಗ್ಗೆ ನಾನು ಹೇಳುತ್ತೇನೆ. ಮಹಡಿ ಎತ್ತರ 3.3 ಮೀಟರ್ ಅಂತ ಹಿಡಿಯಿರಿ, ಕೆಳಗಿನಿಂದ ತುದಿಗೆ 13.2 ಮೀಟರ್. ಸಾಮಾನ್ಯ ಹಿತವಾದ ಆಕ್ಸಿಲರೇಶನ್ನಿನಲ್ಲಿ 1 ಮೀಟರ್ ವೇಗಕ್ಕೆ ಸುಮಾರು 15 ಸೆಕೆಂಡ್, 1.5ಕ್ಕೆ ಸುಮಾರು 11. ಉಳಿತಾಯ ನಾಲ್ಕೇ ಸೆಕೆಂಡ್, ಅದೂ ಎಲ್ಲೂ ನಿಲ್ಲದೆ ಹೋದರೆ. ಒಂದೇ ಮಹಡಿ ಹತ್ತುವಾಗ 1.5 ಮೀಟರ್ ವೇಗ ಮುಟ್ಟುವುದೇ ಇಲ್ಲ, ಅಷ್ಟರಲ್ಲಿ ನಿಧಾನ ಮಾಡಬೇಕಾಗುತ್ತದೆ. ಆ ದುಡ್ಡನ್ನು ಒಳ್ಳೆಯ ಬಾಗಿಲಿಗೆ ಹಾಕಿ. ಮಧ್ಯದಿಂದ ತೆರೆಯುವ ಬಾಗಿಲಿನಲ್ಲಿ ಒಂದೊಂದು ಹಲಗೆ ಅರ್ಧ ದೂರ ಸರಿದರೆ ಸಾಕು, ಬೇಗ ಮುಗಿಯುತ್ತದೆ. ಶಾಫ್ಟ್ ಅಗಲ ಮಾತ್ರ ಜಾಸ್ತಿ ಬೇಕು.

ಅಳತೆ: 630 ಕೆ.ಜಿ., 8 ಜನರ ಕಾರು. ಒಳಗೆ 1100 ಮಿ.ಮೀ. ಅಗಲ, 1400 ಮಿ.ಮೀ. ಆಳ ಇದ್ದರೆ ವೀಲ್‌ಚೇರ್ ಮತ್ತು ಜೊತೆಗೊಬ್ಬರು ಹಿಡಿಸುತ್ತಾರೆ. ಬಾಗಿಲು 800ಕ್ಕಿಂತ ಕಡಿಮೆ ಬೇಡ, 900 ಸಿಕ್ಕರೆ ಉತ್ತಮ. ಸಾಕಾಗುತ್ತದಾ? ಬೆಳಿಗ್ಗೆ ಒಂದು ಸುತ್ತಿಗೆ ಧಾರಾಳವಾಗಿ 100 ಸೆಕೆಂಡ್ ಹಿಡಿಯಿರಿ, ಸುತ್ತಿಗೆ 6 ಜನ. 5 ನಿಮಿಷಕ್ಕೆ ಮೂರು ಸುತ್ತು, 18 ಜನ. 100 ಜನರ ಆಫೀಸಿನಲ್ಲಿ 5 ನಿಮಿಷಕ್ಕೆ 12ರಿಂದ 15 ಜನರನ್ನು ಸಾಗಿಸಿದರೆ ಸಾಕು ಎನ್ನುವುದು ರೂಢಿಯ ಲೆಕ್ಕ. ಅಂದರೆ ಸಾಲುತ್ತದೆ.

ಶಾಫ್ಟನ್ನು ಒಂದೇ ಕಡೆ ಅಳೆಯಬೇಡಿ. ಮೇಲಿನಿಂದ ತೂಕದ ದಾರ ಇಳಿಬಿಟ್ಟು ಪ್ರತಿ ಮಹಡಿಯಲ್ಲೂ ಅಳೆಸಿ. ಗೋಡೆ ಸ್ವಲ್ಪ ವಾಲಿದ್ದರೂ ಕಡಿಮೆ ಇರುವ ಅಳತೆಯೇ ನಿಮ್ಮ ಅಳತೆ.

ಕಟ್ಟಡ_ಉಸ್ತುವಾರಿ:
ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಮೂರನೇ ಕೊಟೇಶನ್ನಿನವರು ಕಂಟ್ರೋಲರ್ (ಲಿಫ್ಟನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಪೂರ್ತಿ ನಮ್ಮದೇ ತಯಾರಿಕೆ ಎನ್ನುತ್ತಾರೆ. ಅದು ಒಳ್ಳೆಯದಾ? ಮತ್ತೆ, ರೋಪ್ ಕಿತ್ತುಹೋದರೆ ಏನು ಗತಿ ಅಂತ ಕೆಲವರಿಗೆ ಭಯ ಇದೆ.

ಹಳೇ_ಮೆಕ್ಯಾನಿಕ್:
ಭಯದ್ದು ಮೊದಲು. ಕಾರು ಒಂದೇ ರೋಪಿನಲ್ಲಿ ತೂಗಾಡುವುದಿಲ್ಲ, ಹಲವು ಇರುತ್ತವೆ. ಎಲ್ಲ ಹೋದರೂ ವೇಗ ಮಿತಿ ಮೀರಿದ ಕೂಡಲೇ ಗವರ್ನರ್ ಹಿಡಿದು, ಸೇಫ್ಟಿ ಗೇರ್ ಕಾರನ್ನು ಹಳಿಗೆ ಕಚ್ಚಿಸಿ ನಿಲ್ಲಿಸುತ್ತದೆ. ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನಲ್ಲಿ ಜನರೆದುರು ತಾನೇ ಮೇಲೆ ನಿಂತು, ಹಗ್ಗ ಕತ್ತರಿಸಿ ತೋರಿಸಿದ್ದು ಇದರ ಹಿಂದಿನ ವಿಚಾರವನ್ನೇ. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬಾಗಿಲು ತೆರೆದಿರುವಾಗ ಕಾರು ತಾನಾಗಿ ಜಾರುವುದು. ಅದನ್ನು ತಡೆಯುವ ವ್ಯವಸ್ಥೆಯನ್ನು ಯುರೋಪಿನ ಇಎನ್ 81-20 ಲಿಫ್ಟ್ ಮಾನದಂಡ ಕಡ್ಡಾಯ ಮಾಡಿದೆ. ಕೊಟೇಶನ್ನಿನಲ್ಲಿ ಅದು ಬರವಣಿಗೆಯಲ್ಲಿ ಇರಲಿ.

ಕಂಟ್ರೋಲರ್ ಯಾರದ್ದು ಅನ್ನುವುದಕ್ಕಿಂತ ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ ಕೇಳಿ. ಪಾಸ್‌ವರ್ಡ್, ವೈರಿಂಗ್ ನಕ್ಷೆ, ಸರ್ವೀಸ್ ಟೂಲ್ ನಿಮಗೆ ಕೊಡುತ್ತಾರಾ? ಬೇರೆ ಏಜೆನ್ಸಿಯವರು ಎರರ್ ಕೋಡ್ ಓದಬಹುದಾ? ಇಲ್ಲ ಅಂದರೆ ಮುಂದೆ ಅವರು ಹೇಳಿದ ರೇಟು, ಅವರು ಬಂದ ಹೊತ್ತು. ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ) ರೋಪ್, ಡ್ರೈವ್ (ಮೋಟರಿನ ವೇಗ ನಿಯಂತ್ರಿಸುವ ಸಾಧನ), ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಂದು ಬಿಡುವ ಸಾಧನದ ಬ್ಯಾಟರಿ ಸೇರಿವೆಯಾ ನೋಡಿ. ಆ ಬ್ಯಾಟರಿ ಕೆಲವೇ ವರ್ಷದ್ದು, ಬದಲಿಸದೆ ಬಿಟ್ಟರೆ ಬೇಕಾದ ದಿನವೇ ಕೆಲಸ ಮಾಡುವುದಿಲ್ಲ.

ಅವರು ಐದಾರು ವರ್ಷದ ಹಿಂದೆ ಹಾಕಿದ ಲಿಫ್ಟ್ ಎಲ್ಲಿದೆ ಕೇಳಿ, ಹೋಗಿ ನೋಡಿ. ಅಲ್ಲಿ ಮ್ಯಾನೇಜರ್ ಜೊತೆ ಮಾತಾಡಿದರೆ ಸಾಲದು, ಸೆಕ್ಯೂರಿಟಿಯವರ ಹತ್ತಿರ ಮಾತಾಡಿ. ಎಷ್ಟು ಸಲ ನಿಂತಿದೆ, ಮೆಕ್ಯಾನಿಕ್ ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ಕಟ್ಟಡ_ಉಸ್ತುವಾರಿ:
ಪಿಟ್ ವಾಟರ್‌ಪ್ರೂಫಿಂಗ್ ಮುಗಿಯಿತು, ಗ್ರೌಂಡ್ ಫ್ಲೋರ್ ಬಾಗಿಲಿನ ಶೂ ಮತ್ತು ಕಾಂಟ್ಯಾಕ್ಟ್ ಹೊಸದು ಹಾಕಿಸಿದೆವು. ನಿಲ್ಲುವುದು ತುಂಬಾ ಕಡಿಮೆಯಾಗಿದೆ. ಆದರೂ ಮೋಟರ್ ಹಳೆಯದು, ಮಹಡಿಗೆ ಸಮನಾಗಿ ನಿಲ್ಲುತ್ತಿಲ್ಲ, ಹಾಗಾಗಿ ಬದಲಾಯಿಸುವುದು ಖಚಿತ. ಗೇರ್‌ಲೆಸ್, ಇರುವ ಮೆಷಿನ್ ರೂಮಿನಲ್ಲೇ, 1 ಮೀಟರ್ ವೇಗ, 630 ಕೆ.ಜಿ. ಎಂದು ಬರೆದು ಹೊಸದಾಗಿ ಕೊಟೇಶನ್ ಕೇಳಿದ್ದೇವೆ. ಪಾಸ್‌ವರ್ಡ್ ಕೊಡುವುದಿಲ್ಲ ಎಂದವರನ್ನು ಕೈಬಿಟ್ಟೆವು.

ಹಳೇ_ಮೆಕ್ಯಾನಿಕ್:
ಅವಸರ ಇಲ್ಲದಿರುವುದು ಒಳ್ಳೆಯದಾಯಿತು, ಈಗ ಅಳೆದು ತೂಗಿ ಮಾತಾಡಬಹುದು. ಒಂದು ಸೇರಿಸಿ: ಒಪ್ಪಿಸುವ ದಿನ 125 ಶೇಕಡ ಲೋಡ್ ಹಾಕಿ, ಕೆಳಗೆ ಬರುವಾಗ ಬ್ರೇಕ್ ಹಿಡಿಯುವುದನ್ನು ನಿಮ್ಮ ಎದುರೇ ತೋರಿಸಬೇಕು. ಕೊನೆಯ ಕಂತಿನ ದುಡ್ಡು ಅದಾದ ಮೇಲೆ.