ಬಾಗ್ದಾದ್ ಬಿದ್ದ ಮೇಲೆ ಏನು ಎಂಬ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಹನಾ ನಿನ್ನೆ ರಾತ್ರಿ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೇನೆ. ಸಂದೇಶ ದೀರ್ಘವಾಗುತ್ತದೆ; ಬಿಡುವಾದಾಗ ಕೇಳಿ. ಒಂದು ದೇಶದ ಸೈನ್ಯ ಇನ್ನೊಂದು ದೇಶದೊಳಗೆ ನುಗ್ಗಿದರೆ ಮುಂದೇನಾಗುತ್ತದೆ ಎಂದು ಮೊದಲೇ ಊಹಿಸಲು ಸಾಧ್ಯವೇ ಎಂಬುದು ಅವಳ ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯವಂತೆ. 2003ರಲ್ಲಿ ನಾನು ಕುವೈತಿನಲ್ಲಿದ್ದೆನಾದ್ದರಿಂದ, ಅಮೆರಿಕ ಇರಾಕಿನ ಮೇಲೆ ಹೂಡಿದ ಯುದ್ಧದ ಬಗ್ಗೆ ಆಗ ಏನೇನು ಹೇಳುತ್ತಿದ್ದರು, ಕೊನೆಗೆ ಏನಾಯಿತು ಎಂದು ಕೇಳಿದ್ದಾಳೆ. ಅದರ ಕೆಳಗೆ ರಘು ಭಾವ, ಬಲಿಷ್ಠ ಸೈನ್ಯ ದುರ್ಬಲ ದೇಶದ ಮೇಲೆ ಬಿದ್ದರೆ ಕೆಲವೇ ವಾರಗಳಲ್ಲಿ ಎಲ್ಲ ಮುಗಿಯುತ್ತದೆ, ಇದರಲ್ಲಿ ಊಹಿಸುವುದಕ್ಕೇನಿದೆ ಎಂದು ಬರೆದಿದ್ದಾರೆ. ಭಾವ, ಇರಾಕಿನ ರಾಜಧಾನಿ ಬಾಗ್ದಾದ್ ಕೆಲವೇ ವಾರಗಳಲ್ಲಿ ಬಿತ್ತು ಎಂಬುದು ನಿಜ. ಆದರೆ ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡವರೇ ಆ ದೇಶವನ್ನು ಹಾಳುಗೆಡವಿದರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ವರ್ಷದ ಫೆಬ್ರವರಿಯಲ್ಲಿ ಕುವೈತಿನಲ್ಲಿ ನಾವೆಲ್ಲ ಹೆದರಿದ್ದು ರಾಸಾಯನಿಕ ಅಸ್ತ್ರಗಳಿಗೆ. 1990ರಲ್ಲಿ ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನ್ ಕುವೈತನ್ನು ಆಕ್ರಮಿಸಿಕೊಂಡಾಗ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ಅಲ್ಲಿಂದ ಕರೆತರಬೇಕಾಗಿ ಬಂದಿತ್ತು. ಆ ನೆನಪಿದ್ದ ಉಡುಪಿ, ಮಂಗಳೂರು ಕಡೆಯ ಹಳಬರು ಹೆಂಡತಿ ಮಕ್ಕಳನ್ನು ಮೊದಲೇ ಊರಿಗೆ ಕಳುಹಿಸಿದ್ದರು. ಉಳಿದವರು ಮನೆಯ ಒಂದು ಕೋಣೆಯನ್ನು ಆರಿಸಿಕೊಂಡು, ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಚ್ಚಿ, ನಾಲ್ಕೂ ಅಂಚಿಗೆ ಕಂದು ಬಣ್ಣದ ಅಗಲ ಟೇಪು ಅಂಟಿಸಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಲು ಸಿದ್ಧವಾಗಿಟ್ಟುಕೊಂಡಿದ್ದೆವು. ಯುದ್ಧ ಆರಂಭವಾದ ಮೇಲೆ ಸೈರನ್ ಕೂಗಿದಾಗಲೆಲ್ಲ ಆ ಕೋಣೆಯೊಳಗೆ ಹೋಗಿ ಕೂರುತ್ತಿದ್ದೆವು. ಮಾರ್ಚ್ 29ರ ನಸುಕಿನಲ್ಲಿ ಒಂದು ಕ್ಷಿಪಣಿ ಸಮುದ್ರದಂಚಿನ ಸೂಕ್ ಶರ್ಕ್ ಎಂಬ ದೊಡ್ಡ ಮಾಲಿನ ಬಳಿ ಬಂದು ಬಿದ್ದಿತು. ಅದರಲ್ಲಿಯೂ ವಿಷಾನಿಲವಿರಲಿಲ್ಲ. ಯಾವ ಅಸ್ತ್ರಗಳ ಹೆಸರು ಹೇಳಿ ಯುದ್ಧ ಹೂಡಿದರೋ ಅವುಗಳ ಸಂಗ್ರಹ ಇರಾಕಿನಲ್ಲಿ ಸಿಗಲೇ ಇಲ್ಲ.

ಸಹನಾ, ಯುದ್ಧಕ್ಕೆ ಮೊದಲು ಕೇಳಿಬಂದ ಭಯಗಳಲ್ಲಿ ಹೆಚ್ಚಿನವು ಹೀಗೆಯೇ ಸುಳ್ಳಾದವು ಎಂಬುದನ್ನು ನೀನು ಮೊದಲು ಗಮನಿಸಬೇಕು. ಬಾಗ್ದಾದಿನ ಬೀದಿ ಬೀದಿಗಳಲ್ಲಿ ತಿಂಗಳುಗಟ್ಟಲೆ ಕಾಳಗ ನಡೆಯುತ್ತದೆ ಎಂದಿದ್ದರು, ನಡೆಯಲಿಲ್ಲ. 1991ರಲ್ಲಿ ಇರಾಕಿ ಸೈನ್ಯ ಕುವೈತಿನ ಆರುನೂರಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿ ಹಚ್ಚಿತ್ತಾದ್ದರಿಂದ ಈ ಸಲವೂ ಹಾಗೆಯೇ ಆಗುತ್ತದೆ ಎಂದಿದ್ದರು. ಉರಿದದ್ದು ಬೆರಳೆಣಿಕೆಯ ಬಾವಿಗಳು ಮಾತ್ರ. ಮಾರ್ಚ್ 20ರಂದು ಆರಂಭವಾದ ದಾಳಿಯಲ್ಲಿ ಏಪ್ರಿಲ್ 9ಕ್ಕೆಲ್ಲ ಫಿರ್ದೋಸ್ ಚೌಕದ ಸದ್ದಾಂ ಪ್ರತಿಮೆ ಉರುಳಿತು. ಯುದ್ಧ ಆರು ದಿನವೋ ಆರು ವಾರವೋ ನಡೆದೀತು, ಆರು ತಿಂಗಳು ಹಿಡಿಯುವುದು ಅನುಮಾನ ಎಂದು ಫೆಬ್ರವರಿಯಲ್ಲಿ ಹೇಳಿದ್ದ ಅಮೆರಿಕದ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಅವರ ಲೆಕ್ಕ ಆ ಮಟ್ಟಿಗೆ ಸರಿಯಾಗಿತ್ತು.

ದಾರಿಯಲ್ಲಿ ಅನಿರೀಕ್ಷಿತಗಳು ಇರಲಿಲ್ಲವೆಂದಲ್ಲ. ಉತ್ತರದಿಂದ ಟರ್ಕಿಯ ಮೂಲಕ ಸಾವಿರಾರು ಸೈನಿಕರ ಒಂದು ಡಿವಿಜನ್ ನುಗ್ಗಿಸಬೇಕೆಂದಿದ್ದ ಯೋಜನೆ ಮಾರ್ಚ್ 1ರಂದು ಟರ್ಕಿಯ ಸಂಸತ್ತಿನಲ್ಲೇ ನೆಲಕಚ್ಚಿತು. ಪರವಾಗಿ 264, ವಿರುದ್ಧವಾಗಿ 250 ಮತಗಳು ಬಿದ್ದಿದ್ದರೂ, ತಟಸ್ಥರಾಗಿ ಉಳಿದ 19 ಮಂದಿಯಿಂದಾಗಿ ಬೇಕಾದ ಬಹುಮತ ಸಿಗಲಿಲ್ಲ. ದಕ್ಷಿಣದಲ್ಲಿ, ಸಮವಸ್ತ್ರವಿಲ್ಲದ ಫಿದಾಯೀನ್ ಎಂಬ ಸದ್ದಾಂ ನಿಷ್ಠ ಪಡೆಗಳು ಪಿಕಪ್ ವಾಹನಗಳಲ್ಲಿ ಬಂದು ನಾಸಿರಿಯಾ ಸುತ್ತಮುತ್ತ ಸರಬರಾಜು ದಳಗಳ ಮೇಲೆ ಎರಗಿದವು. ನಾವು ಅಭ್ಯಾಸದಲ್ಲಿ ಎದುರಿಸಿದ್ದ ಶತ್ರುವಿಗೂ ಈ ಶತ್ರುವಿಗೂ ಸ್ವಲ್ಪ ವ್ಯತ್ಯಾಸವಿದೆ ಎಂದು ಅಮೆರಿಕದ ಭೂಸೇನೆಯ ಜನರಲ್ ವಾಲೆಸ್ ಯುದ್ಧ ಆರಂಭವಾದ ವಾರದಲ್ಲೇ ಬಹಿರಂಗವಾಗಿ ಹೇಳಿದರು. ಮುಂದಿನ ವರ್ಷಗಳ ಯುದ್ಧ ಹೇಗಿರುತ್ತದೆ ಎಂಬುದರ ಸುಳಿವು ಆ ಒಂದು ಮಾತಿನಲ್ಲಿತ್ತು. ಬಾಗ್ದಾದ್ ಬೇಗ ಬಿದ್ದದ್ದರಿಂದ ಅದಕ್ಕೆ ಯಾರೂ ಕಿವಿಗೊಡಲಿಲ್ಲ.

ಇನ್ನು ನಿನ್ನ ಚರ್ಚೆಗೆ ಎಲ್ಲಕ್ಕಿಂತ ಮುಖ್ಯವಾದ ಘಟನೆಗೆ ಬರುತ್ತೇನೆ. ಯುದ್ಧಕ್ಕೆ ಇನ್ನೂ ಒಂದು ತಿಂಗಳಿಲ್ಲ ಎನ್ನುವಾಗ, ಫೆಬ್ರವರಿ 25ರಂದು, ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಭೂಸೇನೆಯ ಮುಖ್ಯಸ್ಥ ಜನರಲ್ ಎರಿಕ್ ಶಿನ್ಸೆಕಿ ಹಾಜರಾಗಿದ್ದರು. ಯುದ್ಧ ಮುಗಿದ ನಂತರ ಇರಾಕನ್ನು ಹಿಡಿತದಲ್ಲಿಡಲು ಎಷ್ಟು ಸೈನಿಕರು ಬೇಕಾದೀತು ಎಂದು ಸೆನೆಟರ್ ಕಾರ್ಲ್ ಲೆವಿನ್ ಕೇಳಿದರು. ಹಲವು ಲಕ್ಷ ಬೇಕಾಗಬಹುದು ಎಂದು ಶಿನ್ಸೆಕಿ ಉತ್ತರಿಸಿದರು. ಅವರು ಬೋಸ್ನಿಯಾದಲ್ಲಿ ಶಾಂತಿಪಾಲನೆಯ ಹೊಣೆ ಹೊತ್ತಿದ್ದವರು. ಯುದ್ಧ ನಿಂತ ಊರಿನಲ್ಲಿ ರಸ್ತೆಗೆ, ಸೇತುವೆಗೆ, ಆಸ್ಪತ್ರೆಗೆ ಎಷ್ಟೆಷ್ಟು ಕಾವಲು ಬೇಕು ಎಂಬುದನ್ನು ಕಣ್ಣಾರೆ ಕಂಡಿದ್ದವರು. ಎರಡೇ ದಿನಗಳ ನಂತರ ರಕ್ಷಣಾ ಇಲಾಖೆಯ ಉಪಸಚಿವ ಪಾಲ್ ವುಲ್ಫೊವಿಟ್ಜ್ ಇನ್ನೊಂದು ಸಮಿತಿಯ ಮುಂದೆ ಆ ಅಂದಾಜು ವಾಸ್ತವದಿಂದ ಬಹಳ ದೂರ ಎಂದು ತಳ್ಳಿಹಾಕಿದರು. ಸದ್ದಾಂನನ್ನು ಉರುಳಿಸುವುದಕ್ಕೆ ಬೇಕಾದ ಸೈನ್ಯಕ್ಕಿಂತ ನಂತರ ಶಾಂತಿ ಕಾಪಾಡುವುದಕ್ಕೆ ಹೆಚ್ಚು ಸೈನ್ಯ ಬೇಕಾಗುತ್ತದೆ ಎಂಬುದನ್ನು ಕಲ್ಪಿಸಿಕೊಳ್ಳುವುದೇ ಕಷ್ಟ ಎಂಬುದು ಅವರ ವಾದವಾಗಿತ್ತು. ನನ್ನ ಪ್ರಕಾರ ಆ ಯುದ್ಧದ ಅತಿದೊಡ್ಡ ತಪ್ಪು ಊಹೆ ಇದೇ. ಸೈನ್ಯವನ್ನು ಸೋಲಿಸುವಾಗ ಎದುರಿಗಿರುವುದು ಸೈನ್ಯ ಮಾತ್ರ, ಆದರೆ ಸರ್ಕಾರ ಬಿದ್ದ ಮರುಗಳಿಗೆಯಿಂದ ಎರಡೂವರೆ ಕೋಟಿ ಜನರ ನೀರು, ವಿದ್ಯುತ್ತು, ಸಂಬಳ, ಪಡಿತರ ಇವೆಲ್ಲದರ ಜವಾಬ್ದಾರಿ ಗೆದ್ದವನ ತಲೆಯ ಮೇಲೆ ಬೀಳುತ್ತದೆ.

ಆಗ ನಮ್ಮ ಕಂಪನಿಯ ನೀರಿನ ಟ್ಯಾಂಕರುಗಳು ಸಫ್ವಾನ್ ಗಡಿ ದಾಟಿ ದಕ್ಷಿಣ ಇರಾಕಿಗೆ ಹೋಗಿಬರುತ್ತಿದ್ದವು, ಅವುಗಳ ಲೆಕ್ಕಪತ್ರ ನನ್ನ ಮೇಜಿಗೆ ಬರುತ್ತಿತ್ತು. ಏಪ್ರಿಲ್ ಕೊನೆಯಲ್ಲಿ ಬಸ್ರಾದಿಂದ ಮರಳಿದ ಕೇರಳದ ಚಾಲಕರೊಬ್ಬರು ರಸೀತಿಗಳನ್ನು ಕೊಡುತ್ತಾ, ಅಲ್ಲಿ ಒಂದು ಶಾಲೆಯ ಕಿಟಕಿಗಳನ್ನು ಚೌಕಟ್ಟುಸಮೇತ ಕಿತ್ತುಕೊಂಡು ಹೋಗಿದ್ದಾರೆ, ಕಂಬಗಳ ತಂತಿಯನ್ನು ತಾಮ್ರಕ್ಕಾಗಿ ಕತ್ತರಿಸಿ ಸುತ್ತಿ ಹೊತ್ತೊಯ್ಯುತ್ತಿದ್ದಾರೆ, ಅಮೆರಿಕದ್ದೋ ಬ್ರಿಟನ್ನಿನದೋ ಯಾವ ಸೈನಿಕನೂ ಅದನ್ನು ತಡೆಯಲಿಲ್ಲ ಎಂದು ಹೇಳಿದರು. ನೀರಿಗೆ ಸಾಲು ನಿಂತ ಹೆಂಗಸರು ಅವರನ್ನು ಕೇಳುತ್ತಿದ್ದುದು ಕರೆಂಟು ಯಾವಾಗ ಬರುತ್ತದೆ ಎಂಬ ಒಂದೇ ಪ್ರಶ್ನೆಯನ್ನಂತೆ. ಬಾಗ್ದಾದಿನಲ್ಲಿ ಅಮೆರಿಕದ ಪಡೆಗಳು ತೈಲ ಸಚಿವಾಲಯಕ್ಕೆ ಕಾವಲು ನಿಂತವು. ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಸುಮಾರು 15,000 ವಸ್ತುಗಳು ಕಳವಾದವು. ಜಗತ್ತಿನ ಅತಿ ಹಳೆಯ ನಾಗರಿಕತೆಯೊಂದರ ಕುರುಹುಗಳನ್ನು ಹಾಗೆ ಹೊತ್ತೊಯ್ದರಲ್ಲಾ ಎಂದು ನೆನೆದರೆ ಇಂದಿಗೂ ನನಗೆ ಹೊಟ್ಟೆ ಸಂಕಟವಾಗುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದು ಶಸ್ತ್ರಾಗಾರಗಳ ಲೂಟಿ. ಅಲ್ ಖಾಖಾ ಎಂಬ ಒಂದೇ ನೆಲೆಯಿಂದ ಸುಮಾರು 377 ಟನ್ ಸ್ಫೋಟಕ ಕಾಣೆಯಾಯಿತು. ಹೀಗೆ ಕಾವಲಿಲ್ಲದೆ ಬಿದ್ದಿದ್ದ ಸ್ಫೋಟಕಗಳೂ ಗುಂಡುಗಳೂ ಮುಂದೆ ರಸ್ತೆಬದಿಯ ಬಾಂಬುಗಳಾದವು.

ಮೇ ತಿಂಗಳಲ್ಲಿ ಅಮೆರಿಕದ ಪರವಾಗಿ ಇರಾಕಿನ ಆಡಳಿತಾಧಿಕಾರಿಯಾಗಿ ಬಂದ ಪಾಲ್ ಬ್ರೆಮರ್ ಹದಿನೈದು ದಿನಗಳೊಳಗೆ ಎರಡು ಆದೇಶ ಹೊರಡಿಸಿದರು. ಮೇ 16ರದು ಸದ್ದಾಂನ ಬಾತ್ ಪಕ್ಷದ ಮೇಲಿನ ನಾಲ್ಕು ಹಂತಗಳ ಸದಸ್ಯರನ್ನು ಸರ್ಕಾರಿ ಕೆಲಸದಿಂದ ತೆಗೆಯಿತು. ನೌಕರಿ ಉಳಿಸಿಕೊಳ್ಳಲೆಂದೇ ಪಕ್ಷ ಸೇರಿದ್ದ ಮೇಷ್ಟರುಗಳೂ ಅದರಲ್ಲಿ ಮನೆಗೆ ಹೋದರು. ಮೇ 23ರದು ಇರಾಕಿನ ಸೈನ್ಯವನ್ನೇ ವಿಸರ್ಜಿಸಿತು. ಮೂರೂವರೆ ಲಕ್ಷಕ್ಕೂ ಹೆಚ್ಚು ಮಂದಿ, ಬಂದೂಕು ಬಳಸಲು ಬಲ್ಲವರು, ಸಂಸಾರ ಸಾಕಬೇಕಾದವರು, ಒಂದೇ ಕಾಗದದಿಂದ ನಿರುದ್ಯೋಗಿಗಳೂ ಅವಮಾನಿತರೂ ಆದರು. ಇದರ ಪರಿಣಾಮವನ್ನು ಯಾರೂ ಊಹಿಸಿರಲಿಲ್ಲ ಎಂದು ನಂತರ ಕೆಲವರು ಹೇಳಿದ್ದುಂಟು, ಆದರೆ ಅದು ನಿಜವಲ್ಲ. ಅಮೆರಿಕದ ಭೂಸೇನೆಯದೇ ಯುದ್ಧ ಕಾಲೇಜು ಫೆಬ್ರವರಿ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿ, ಇರಾಕಿ ಸೈನ್ಯವನ್ನು ಒಡೆದರೆ ಆ ಸಮಾಜವನ್ನು ಒಟ್ಟಾಗಿ ಹಿಡಿದಿರುವ ಕೆಲವೇ ಶಕ್ತಿಗಳಲ್ಲಿ ಒಂದು ನಾಶವಾದೀತು ಎಂದು ಸ್ಪಷ್ಟವಾಗಿ ಎಚ್ಚರಿಸಿತ್ತು. ವಿದೇಶಾಂಗ ಇಲಾಖೆಯವರು ಇರಾಕಿ ತಜ್ಞರನ್ನು ಕೂಡಿಸಿಕೊಂಡು ತಿಂಗಳುಗಟ್ಟಲೆ ಸಿದ್ಧಪಡಿಸಿದ್ದ ವರದಿಗಳೂ ಇದ್ದವು. ನಿರ್ಧಾರ ಮಾಡುವವರು ತಮಗೆ ಹಿತವಾದ ಊಹೆಯನ್ನಷ್ಟೇ ಕೈಗೆತ್ತಿಕೊಂಡರು.

ಖರ್ಚಿನದೂ ಅದೇ ಕತೆ. ಹತ್ತರಿಂದ ಇಪ್ಪತ್ತು ಸಾವಿರ ಕೋಟಿ ಡಾಲರ್ ಆದೀತು ಎಂದ ಅಧ್ಯಕ್ಷರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ ಕೆಲವೇ ತಿಂಗಳಲ್ಲಿ ಹುದ್ದೆ ಬಿಡಬೇಕಾಯಿತು. ಐದು ಸಾವಿರ ಕೋಟಿಯೊಳಗೆ ಮುಗಿಯುತ್ತದೆ ಎಂದವರು ಹುದ್ದೆಯಲ್ಲಿ ಉಳಿದರು. ಕೊನೆಗೆ ಅಮೆರಿಕದ ಬೊಕ್ಕಸಕ್ಕೆ ತಗುಲಿದ್ದು ಸುಮಾರು ಎಂಬತ್ತು ಸಾವಿರ ಕೋಟಿ.

ನಮ್ಮ ದೇಶವೂ ಆಗ ಇದೇ ಊಹೆ ಮಾಡಬೇಕಾಗಿ ಬಂದಿತ್ತು ಎಂಬುದು ಹಲವರಿಗೆ ಮರೆತುಹೋಗಿದೆ. ಉತ್ತರ ಇರಾಕಿಗೆ ಒಂದು ಪೂರ್ಣ ಡಿವಿಜನ್ ಭಾರತೀಯ ಸೈನಿಕರನ್ನು ಕಳುಹಿಸಿ ಎಂದು ಅಮೆರಿಕ ಕೇಳಿತ್ತು, ಇಲ್ಲಿ ಅದರ ಪರವಾಗಿ ಬಲವಾಗಿ ವಾದಿಸಿದವರೂ ಇದ್ದರು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸಲಾಗದು ಎಂದು ವಾಜಪೇಯಿ ಸರ್ಕಾರ 2003ರ ಜುಲೈ 14ರಂದು ತೀರ್ಮಾನಿಸಿತು. ಒಂದು ತಿಂಗಳು ಕಳೆದು ಐದು ದಿನಕ್ಕೆ, ಆಗಸ್ಟ್ 19ರಂದು, ಬಾಗ್ದಾದಿನ ವಿಶ್ವಸಂಸ್ಥೆಯ ಕಚೇರಿಯನ್ನೇ ಟ್ರಕ್ ಬಾಂಬು ಸ್ಫೋಟಿಸಿ, ಅದರ ಮುಖ್ಯಸ್ಥ ಸೆರ್ಜಿಯೊ ವಿಯೇರಾ ದೆ ಮೆಲ್ಲೊ ಸಹಿತ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಜುಲೈ ತೀರ್ಮಾನ ಎಷ್ಟು ತಾಯಂದಿರ ಮಕ್ಕಳನ್ನು ಉಳಿಸಿತೋ ಎಂದು ನಾನು ಇಂದಿಗೂ ಯೋಚಿಸುತ್ತೇನೆ.

ಸಹನಾ, ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯುದ್ಧ ಆರಂಭವಾದರೆ ಆರು ಲಕ್ಷ ಮಂದಿ ನಿರಾಶ್ರಿತರಾಗಿ ಹೊರಬರಬಹುದು ಎಂದು ವಿಶ್ವಸಂಸ್ಥೆ ಸಿದ್ಧತೆ ಮಾಡಿಕೊಂಡಿತ್ತು. ಜೋರ್ಡಾನ್ ಗಡಿಯಲ್ಲಿ ಡೇರೆಗಳೂ ಎದ್ದಿದ್ದವು. ಜನ ಬರಲೇ ಇಲ್ಲ. ಎಲ್ಲರೂ ಆ ಅಂದಾಜನ್ನು ತಪ್ಪೆಂದು ಬದಿಗಿಟ್ಟರು. ಆದರೆ 2006ರ ಫೆಬ್ರವರಿ 22ರಂದು ಸಮಾರಾದ ಶಿಯಾ ಪವಿತ್ರ ಮಸೀದಿಯ ಚಿನ್ನದ ಗುಮ್ಮಟವನ್ನು ಸ್ಫೋಟಿಸಿದ ನಂತರ ನೆರೆಹೊರೆಯವರೇ ಒಬ್ಬರನ್ನೊಬ್ಬರು ಓಡಿಸತೊಡಗಿ, ಇಪ್ಪತ್ತು ಲಕ್ಷದಷ್ಟು ಜನ ಸಿರಿಯಾ, ಜೋರ್ಡಾನ್ ಕಡೆಗೆ ಹೊರಟರು. ಜನ ಮನೆ ಬಿಟ್ಟು ಹೊರಡುತ್ತಾರೆ ಎಂಬ ಎಣಿಕೆ ಸರಿಯಾಗಿತ್ತು. ಅದು ಮೂರು ವರ್ಷ ತಡವಾಗಿ, ಮೂರು ಪಟ್ಟಾಗಿ ನಿಜವಾಯಿತು. ಆದ್ದರಿಂದ ಯಾವುದಾದರೂ ಊಹೆ ಸುಳ್ಳಾಯಿತೆಂದು ಹೇಳುವ ಮೊದಲು ಎಷ್ಟು ಕಾಲ ಕಾದು ನೋಡಿದ್ದೇವೆ ಎಂದು ಕೇಳಿಕೊಳ್ಳಬೇಕು. 2011ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯ ಹೊರಟುಹೋದಾಗಲೂ ಕತೆ ಮುಗಿದಿರಲಿಲ್ಲ. 2014ರ ಜೂನ್‌ನಲ್ಲಿ ಐಸಿಸ್ ಎಂಬ ಉಗ್ರರ ಸಂಘಟನೆ ಉತ್ತರ ಇರಾಕಿನ ಮೊಸೂಲ್ ನಗರವನ್ನು ಹಿಡಿದಾಗ ಅದರ ನಾಯಕರ ಸಾಲಿನಲ್ಲಿ ಸದ್ದಾಂ ಸೈನ್ಯದ ಹಳೆಯ ಅಧಿಕಾರಿಗಳಿದ್ದರು. ಅಲ್ಲಿ ದುಡಿಯಲು ಹೋಗಿದ್ದ ನಮ್ಮ 39 ಮಂದಿ ಬಡ ಕಾರ್ಮಿಕರನ್ನು ಅವರು ಕೊಂದರು. ಸೈನ್ಯ ವಿಸರ್ಜಿಸುವ ಆದೇಶಕ್ಕೆ ಬ್ರೆಮರ್ ಸಹಿ ಹಾಕಿ ಆಗ ಹನ್ನೊಂದು ವರ್ಷಗಳಾಗಿದ್ದವು.

ರಘು ಭಾವ, ಬಲಿಷ್ಠ ಸೈನ್ಯ ಬೇಗ ಗೆಲ್ಲುತ್ತದೆ ಎಂಬ ತಮ್ಮ ನಿಯಮಕ್ಕೆ ಉಕ್ರೇನ್ ನೇರ ಉತ್ತರ. 2022ರಲ್ಲಿ ರಷ್ಯಾ ಆ ದೇಶದ ಮೇಲೆ ದಾಳಿ ಮಾಡುತ್ತದೆ ಎಂದು ಅಮೆರಿಕದ ಗೂಢಚರ್ಯೆ ಸರಿಯಾಗಿಯೇ ಹೇಳಿತ್ತು. ಆದರೆ ರಾಜಧಾನಿ ಕೀವ್ ಕೆಲವೇ ದಿನಗಳಲ್ಲಿ ಬೀಳುತ್ತದೆ ಎಂದು ಮಾಸ್ಕೋದಂತೆ ವಾಷಿಂಗ್ಟನ್ನಿನಲ್ಲೂ ನಂಬಿದ್ದರು. ಟ್ಯಾಂಕುಗಳನ್ನು ಎಣಿಸಿದವರು ಉಕ್ರೇನಿನ ಜನ ನಿಂತು ಹೋರಾಡುತ್ತಾರೆಯೇ ಎಂಬುದನ್ನು ತೂಗಿ ನೋಡಲಿಲ್ಲ. ಕೀವ್ ಹೊರವಲಯದ ಹೋಸ್ಟೊಮೆಲ್ ವಿಮಾನನಿಲ್ದಾಣದಲ್ಲಿ ಮೊದಲ ದಿನವೇ ಇಳಿದ ರಷ್ಯಾದ ಪಡೆಗಳಿಗೆ ತೀವ್ರ ಪ್ರತಿರೋಧ ಎದುರಾಯಿತು; ಏಪ್ರಿಲ್ ಆರಂಭದ ಹೊತ್ತಿಗೆ ರಷ್ಯಾ ಆ ಭಾಗದಿಂದಲೇ ಹಿಂದೆ ಸರಿದಿತ್ತು. ಆ ದಿನಗಳಲ್ಲಿ ನಮ್ಮ ರಾಜ್ಯದ ನೂರಾರು ವಿದ್ಯಾರ್ಥಿಗಳು ಅಲ್ಲಿದ್ದರು. ಅನಿವಾರ್ಯವಲ್ಲದಿದ್ದರೆ ಹೊರಡುವುದನ್ನು ಯೋಚಿಸಿ ಎಂದು ನಮ್ಮ ರಾಯಭಾರ ಕಚೇರಿ ಫೆಬ್ರವರಿ 15ರಂದೇ ಸೂಚಿಸಿದ್ದರೂ, ತರಗತಿಗಳು ನಡೆಯುತ್ತಿದ್ದವು, ಹಾಜರಾತಿಯ ಭಯವಿತ್ತು, ಯುದ್ಧ ಆಗಲಿಕ್ಕಿಲ್ಲ ಎಂದು ಸುತ್ತಲಿನವರು ಹೇಳುತ್ತಿದ್ದರು. ಒಂಬತ್ತು ದಿನಗಳಲ್ಲಿ ವಾಯುಮಾರ್ಗ ಮುಚ್ಚಿತು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಆಹಾರ ತರಲು ಹೊರಬಂದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಊಹೆ ಸರಿಯೋ ತಪ್ಪೋ ಎಂಬುದು ಟಿವಿ ಚರ್ಚೆಯವರಿಗೆ ಮಾತಿನ ವಿಷಯವಷ್ಟೇ. ಆ ತಂದೆತಾಯಿಗೆ ಅದರ ಮೇಲೆ ಮಗನ ಜೀವ ನಿಂತಿತ್ತು.

ಸಹನಾ, ನೀನು ಪರವಾಗಿ ಮಾತನಾಡುತ್ತೀಯೋ ವಿರೋಧವಾಗಿಯೋ ನನಗೆ ತಿಳಿಯದು. ಯಾವ ಪಕ್ಷವಾದರೂ ಸರಿ, ಊಹಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಎರಡಾಗಿ ಒಡೆದುಕೊ: ಸೈನ್ಯ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದು ಒಂದು, ಮುಟ್ಟಿದ ಊರನ್ನು ಮರುದಿನದಿಂದ ಯಾರು ನಡೆಸುತ್ತಾರೆ ಎಂಬುದು ಇನ್ನೊಂದು. ಇರಾಕಿನಲ್ಲಿ ಮೊದಲನೆಯದಕ್ಕೆ ನಕ್ಷೆ, ದಿನಾಂಕ, ಇಂಧನದ ಲೆಕ್ಕ ಎಲ್ಲವೂ ಇತ್ತು; ಎರಡನೆಯದಕ್ಕೆ ಉತ್ತರ ಬರೆದವರನ್ನು ಬದಿಗೆ ಕೂರಿಸಿದ್ದರು. ಶಿನ್ಸೆಕಿ ಮತ್ತು ವುಲ್ಫೊವಿಟ್ಜ್ ಇಬ್ಬರ ಹೇಳಿಕೆಗಳನ್ನೂ ಒಂದರ ಪಕ್ಕ ಒಂದಿಟ್ಟು ಮೊದಲು ಓದು, ಆಮೇಲೆ ನಿನ್ನ ಭಾಷಣ ಬರೆದು ಭಾನುವಾರದೊಳಗೆ ನನಗೆ ಕಳುಹಿಸು. ಭಾವ, ತಮ್ಮ ಆಕ್ಷೇಪಗಳನ್ನೂ ದಯವಿಟ್ಟು ಇಲ್ಲಿಯೇ ಹಾಕಿ, ಎದುರು ಪಕ್ಷದವರು ಅವಳನ್ನು ಕೇಳುವುದು ಅವೇ ಪ್ರಶ್ನೆಗಳನ್ನು.